ಸ್ಕ್ಯಾನ್ ವರದಿಯಲ್ಲಿ ‘ಕಾರ್ಪಸ್ ಕೆಲೋಸಮ್ ಕಾಣುತ್ತಿಲ್ಲ’ ಎಂದಿದ್ದರೆ

ಐದನೇ ತಿಂಗಳ ಅನಾಮಲಿ ಸ್ಕ್ಯಾನ್ ವರದಿಯಲ್ಲಿ ಈ ಸಾಲು ಕಂಡರೆ ಮನೆಮಂದಿಗೆಲ್ಲ ಕೈಕಾಲೇ ಆಡುವುದಿಲ್ಲ. ಆ ಒಂದು ಸಾಲನ್ನು ನಂಬಿ ಯಾವ ತೀರ್ಮಾನಕ್ಕೂ ಬರಬೇಡಿ.

ಮೊದಲು ಇದೇನೆಂದು ತಿಳಿಯಿರಿ. ಮಿದುಳಿನ ಎಡ–ಬಲ ಅರ್ಧಗೋಳಗಳನ್ನು ಬೆಸೆಯುವ, ಸುಮಾರು 20 ಕೋಟಿ ನರತಂತುಗಳ ದಪ್ಪ ಪಟ್ಟಿಯೇ ಕಾರ್ಪಸ್ ಕೆಲೋಸಮ್. ಬಸಿರಿನ 12ರಿಂದ 20ನೇ ವಾರದೊಳಗೆ ಅದು ರೂಪ ತಳೆಯುತ್ತದೆ. ವಂಶವಾಹಿಯ ದೋಷ, ಸೋಂಕು, ಮದ್ಯ ಇವುಗಳಲ್ಲಿ ಯಾವುದಾದರೂ ಆಗ ಅಡ್ಡಬಂದರೆ ತಂತುಗಳು ನಡುಗೆರೆ ದಾಟುವುದಿಲ್ಲ. ಎಷ್ಟೋ ಸಲ ಕಾರಣವೇ ಸಿಗುವುದಿಲ್ಲ. ಗ್ರಹಣದ ದಿನ ಹೊರಗೆ ಬಂದದ್ದಕ್ಕೆ ಹೀಗಾಯಿತೆಂದು ಬಸುರಿಯನ್ನು ದೂರುವುದು ಮಾತ್ರ ಶುದ್ಧ ಅನ್ಯಾಯ.

ದಾಟಲಾಗದ ತಂತುಗಳು ಸಾಮಾನ್ಯವಾಗಿ ಸಾಯುವುದಿಲ್ಲ. ತಮ್ಮ ಬದಿಯಲ್ಲೇ ಹೊರಳಿ, ಹಿಂದು–ಮುಂದಾಗಿ ಸಾಗುವ ‘ಪ್ರಾಬ್ಸ್ಟ್ ಕಟ್ಟು’ಗಳಾಗುತ್ತವೆ. ಕೆಲವರಲ್ಲಿ ಮಿದುಳಿನ ಬೇರೆ ಸಣ್ಣ ಸೇತುವೆಗಳ ಮೂಲಕ ಎಡ–ಬಲದ ನಡುವೆ ಹೊಸ ದಾರಿಯೇ ತೆರೆಯುತ್ತದೆ. ದೊಡ್ಡವರಾದ ಮೇಲೆ ಶಸ್ತ್ರಚಿಕಿತ್ಸೆಯಲ್ಲಿ ಈ ಪಟ್ಟಿ ಕತ್ತರಿಸಿಕೊಂಡವರು, ಕಣ್ಣು ಮುಚ್ಚಿ ಎಡಗೈಯಲ್ಲಿ ಹಿಡಿದ ವಸ್ತುವಿನ ಹೆಸರು ಹೇಳಲು ತಡವರಿಸುತ್ತಾರೆ. ಹುಟ್ಟಿನಿಂದಲೇ ಅದಿಲ್ಲದವರು ಬಹುಮಟ್ಟಿಗೆ ಹೇಳಬಲ್ಲರು. ಬೆಳೆಯುವ ಮಿದುಳಿನ ಈ ಶಕ್ತಿ ನಿಜಕ್ಕೂ ಬೆರಗಿನದು.

ಇನ್ನು ತಡಮಾಡದೆ ಭ್ರೂಣವೈದ್ಯ ತಜ್ಞರನ್ನು ಕಾಣಿ. ವಿವರವಾದ ನ್ಯೂರೋಸೋನೋಗ್ರಾಂ (ಭ್ರೂಣದ ಮಿದುಳಿನ ಸ್ಕ್ಯಾನ್), ಅಗತ್ಯವಿದ್ದರೆ ಭ್ರೂಣದ ಎಂಆರ್‌ಐ ಮಾಡಿಸುತ್ತಾರೆ. ಪಟ್ಟಿ ಪೂರ್ತಿ ಇಲ್ಲವೋ, ಅರ್ಧ ಇದೆಯೋ ಕೇಳಿ. ಅದಕ್ಕಿಂತ ಮುಖ್ಯವಾಗಿ, ‘ಇದೊಂದೇ ದೋಷವೇ, ಬೇರೆಯೂ ಇವೆಯೇ?’ ಎಂದು ಕೇಳಿ. ಮಗುವಿನ ಭವಿಷ್ಯ ಹೆಚ್ಚಾಗಿ ಈ ಉತ್ತರದ ಮೇಲೆ ನಿಂತಿದೆ. ಇದೊಂದೇ ಆಗಿದ್ದರೆ ಮೂರರಲ್ಲಿ ಎರಡು ಪಾಲಿಗೂ ಹೆಚ್ಚು ಮಕ್ಕಳ ಬೆಳವಣಿಗೆ ಸಹಜವಾಗಿಯೇ ಇರುತ್ತದೆ. ಬೇರೆ ದೋಷಗಳೂ ಇದ್ದರೆ ಮೂರ್ಛೆ, ಬುದ್ಧಿಬೆಳವಣಿಗೆಯ ಕುಂಠನದಂಥ ಅಪಾಯ ಹೆಚ್ಚು. ಆಮ್ನಿಯೋಸೆಂಟೆಸಿಸ್ (ಗರ್ಭಜಲ ತೆಗೆಯುವುದು) ಮಾಡಿಸಿ ಕ್ರೋಮೋಸೋಮ್ ಮೈಕ್ರೋಅರೇ ಪರೀಕ್ಷೆ ಬೇಕೇ ಎಂಬುದನ್ನೂ ಚರ್ಚಿಸಿ.

ವಾರಗಳ ಲೆಕ್ಕ ಮರೆಯಬೇಡಿ. ಗರ್ಭಪಾತ ಕಾಯ್ದೆಯ 2021ರ ತಿದ್ದುಪಡಿಯಂತೆ, 24 ವಾರ ದಾಟಿದ ಮೇಲೆ ತೀವ್ರ ಭ್ರೂಣದೋಷದ ಕಾರಣಕ್ಕೆ ಗರ್ಭಪಾತ ಬೇಕೆಂದರೆ ವೈದ್ಯಕೀಯ ಮಂಡಳಿಯ ಒಪ್ಪಿಗೆ ಬೇಕು. ಮುಂದುವರಿಸುವುದೋ ಬೇಡವೋ ಎಂಬ ನಿರ್ಧಾರ ತಾಯಿಯದು, ಯಾರೂ ಒತ್ತಾಯಿಸಕೂಡದು.

ಮಗು ಹುಟ್ಟಿದ ಮೇಲೆ ಮಕ್ಕಳ ನರರೋಗ ತಜ್ಞರಿಗೆ ತೋರಿಸಿ. ಕಣ್ಣು–ಕಿವಿಯ ಪರೀಕ್ಷೆ ಮಾಡಿಸಿ. ಬೆಳವಣಿಗೆ ನಿಧಾನವೆನಿಸಿದರೆ ಜಿಲ್ಲಾ ಮಟ್ಟದ ಶೀಘ್ರ ಮಧ್ಯಸ್ಥಿಕೆ ಕೇಂದ್ರದಲ್ಲಿ ಫಿಸಿಯೋಥೆರಪಿ, ಮಾತಿನ ತರಬೇತಿ ಬೇಗ ಶುರುಮಾಡಿ. ಚೆನ್ನಾಗಿಯೇ ಬೆಳೆದ ಮಗುವಿಗೂ ಶಾಲೆಯ ವಯಸ್ಸಿನಲ್ಲಿ ಮತ್ತೊಮ್ಮೆ ಪರೀಕ್ಷೆ ಬೇಕು. ಲೆಕ್ಕ ಬಿಡಿಸುವುದು, ತಮಾಷೆ ಅರಿಯುವುದು, ಎದುರಿನವರ ಮನಸ್ಸು ಗ್ರಹಿಸುವುದು, ಇವುಗಳ ತೊಡಕು ತಡವಾಗಿ ಕಾಣಿಸಿಕೊಳ್ಳುತ್ತದೆ.

ಎಲ್ಲ ವರದಿಗಳನ್ನೂ ಜೋಪಾನವಾಗಿಡಿ. ಮರುಕಳಿಸುವ ಸಾಧ್ಯತೆ ಕಾರಣವನ್ನು ಅವಲಂಬಿಸಿರುವುದರಿಂದ, ಮುಂದಿನ ಬಸಿರಿಗೆ ಮುನ್ನ ಜೆನೆಟಿಕ್ ಕೌನ್ಸೆಲಿಂಗ್‌ಗೆ ಹೋಗುವಾಗ ಅವು ಬೇಕಾಗುತ್ತವೆ.