ಖಾಲಿ ಜಾಗವೂ ಕಣ್ಣಿಗೆ ಬೀಳಲಿ

ಪ್ರೊಫೈಲ್ ಪುಟದಲ್ಲಿ ಹೆಸರಿನ ಮೇಲೆ ಒತ್ತಿ ತಿದ್ದುವ ಜನ ವಿಳಾಸವನ್ನು ಮಾತ್ರ ತುಂಬುತ್ತಿಲ್ಲ ಎಂದು ಬರೆದಿದ್ದೀರಿ. ತಪ್ಪು ಅವರದಲ್ಲ. ಒಂದು ಅಕ್ಷರವೂ ಇಲ್ಲದ ಕಡೆ ಎಲ್ಲಿ ಒತ್ತಬೇಕೆಂದು ಅವರಿಗೆ ಹೇಗೆ ಗೊತ್ತಾಗಬೇಕು?

ಅಲ್ಲಿ ‘ವಿಳಾಸ ಸೇರಿಸಿ’ ಎಂಬ ಬಟನ್ ಇಡಿ. ಒತ್ತಿದೊಡನೆ ಬಾಕ್ಸ್ ತೆರೆಯಲಿ, ಕರ್ಸರ್ ಅದರೊಳಗೇ ನಿಲ್ಲಲಿ. ಬಟನ್ ಆದರೆ ಟ್ಯಾಬ್ ಕೀಲಿಯಿಂದಲೂ ತಲುಪಬಹುದು. ಮೌಸ್ ಹತ್ತಿರ ಬಂದಾಗ ಮಾತ್ರ ಕಾಣುವ ಪೆನ್ಸಿಲ್ ಗುರುತನ್ನು ದಯವಿಟ್ಟು ಕೈಬಿಡಿ. ಮೊಬೈಲಿನಲ್ಲಿ ನೋಡುವವರಿಗೆ ಅದು ಕಾಣುವುದೇ ಇಲ್ಲ.

ಬಾಕ್ಸ್ ತೆರೆದ ಮೇಲೂ ‘ವಿಳಾಸ’ ಎಂಬ ಲೇಬಲ್ ಹೊರಗಡೆ ಇರಲೇಬೇಕು. ಬಾಕ್ಸಿನೊಳಗಿನ ಸುಳಿವು, ಅಂದರೆ ಪ್ಲೇಸ್‌ಹೋಲ್ಡರ್, ಮೊದಲ ಅಕ್ಷರ ಟೈಪ್ ಮಾಡುತ್ತಲೇ ಮಾಯವಾಗುತ್ತದೆ. ಮಧ್ಯೆ ಫೋನ್ ಬಂದು ಮಾತಾಡಿ ಮರಳಿದವರಿಗೆ ಏನು ಕೇಳಿದ್ದರೆಂದು ನೆನಪಿರುವುದಿಲ್ಲ. ಅಲ್ಲದೆ ಆ ಸುಳಿವಿಗೆ ನೀವು ಬಳಸಿರುವ #999 ಬೂದು ಬಣ್ಣ ಬಿಳಿಯ ಮೇಲೆ ಕೊಡುವ ಕಾಂಟ್ರಾಸ್ಟ್ ಸುಮಾರು 2.8:1. ವೆಬ್ ಪ್ರವೇಶಸಾಧ್ಯತೆಯ ಮಾರ್ಗಸೂಚಿ ಡಬ್ಲ್ಯುಸಿಎಜಿ ಕೇಳುವುದು ಕನಿಷ್ಠ 4.5:1. #767676 ಹಾಕಿದರೆ ಆ ಗೆರೆ ದಾಟುತ್ತೀರಿ.

ಬಾಕ್ಸಿಗೆ ಕಂಟೆಂಟ್‌ಎಡಿಟಬಲ್ ಬಳಸಿದ್ದರೆ ಇನ್ನೊಂದು ತೊಡಕಿದೆ: ಬರೆದದ್ದನ್ನೆಲ್ಲ ಅಳಿಸಿದ ಮೇಲೂ ಬ್ರೌಸರ್ ಅದರೊಳಗೊಂದು ಬಿಆರ್ ಟ್ಯಾಗ್ ಉಳಿಸಬಹುದು. ಆಗ ಸಿಎಸ್‌ಎಸ್‌ನ ‘:ಎಂಪ್ಟಿ’ಗೆ ಅದು ಖಾಲಿಯಲ್ಲ, ಸುಳಿವು ಮತ್ತೆ ಮೂಡುವುದಿಲ್ಲ. ವಿಳಾಸಕ್ಕೆ ಸಾದಾ ಟೆಕ್ಸ್ಟ್‌ಏರಿಯಾ ಸಾಕು.