ಒಳಗೋ ಹೊರಗೋ: ಭ್ರೂಣದ ಮೊದಲ ಕವಲು



ದ್ವಿತೀಯ ಪಿಯುಸಿ ಜೀವಶಾಸ್ತ್ರದಲ್ಲಿ ಯುಗ್ಮಜ, ಮೊರುಲಾ, ಬ್ಲಾಸ್ಟೋಸಿಸ್ಟ್ ಎಂಬ ಹೆಸರುಗಳು ಬರುತ್ತವೆ. ಚಿತ್ರ ಬರೆದು ಭಾಗ ಗುರುತಿಸಿದರೆ ಅಂಕವೇನೋ ಸಿಗುತ್ತದೆ. ಆದರೆ ಪಾಠ ಮಾಡುವಾಗ ನಾನು ತಪ್ಪದೆ ಕೇಳುವ ಪ್ರಶ್ನೆ ಬೇರೆ: ಒಂದೇ ಕೋಶದಿಂದ ಬಂದ, ಒಂದೇ ಡಿಎನ್‌ಎ ಇರುವ ಕೋಶಗಳಲ್ಲಿ ಕೆಲವು ಮಗುವಾಗಿ, ಕೆಲವು ಜರಾಯುವಾಗಿ ಬೆಳೆಯುವುದು ಹೇಗೆ?

ಚರ್ಮದ ಕೋಶ ಮೊದಲು ಬೆಳೆದು ನಂತರ ಎರಡಾಗುತ್ತದೆ. ಯುಗ್ಮಜ ಹಾಗಲ್ಲ, ಬೆಳೆಯದೆಯೇ ಒಡೆಯುತ್ತದೆ. ರೊಟ್ಟಿ ಹಿಟ್ಟಿನ ಒಂದು ಉಂಡೆಯನ್ನು ಹಿಟ್ಟು ಸೇರಿಸದೆ ಎರಡು, ನಾಲ್ಕು, ಎಂಟು ಮಾಡಿದ ಹಾಗೆ. ಇದೇ ವಿದಳನ. ಮನುಷ್ಯರಲ್ಲಿ ಮೂರನೇ ದಿನಕ್ಕೆ ಸುಮಾರು 8 ಕೋಶಗಳಾಗುತ್ತವೆ. ಆದರೂ ಭ್ರೂಣದ ಅಗಲ ಸುಮಾರು 0.1 ಮಿಲಿಮೀಟರ್ ಮಾತ್ರ.

ಮುಂದಿನ ಹಂತವನ್ನು ಇಲಿಯಲ್ಲಿ ಚೆನ್ನಾಗಿ ಅಧ್ಯಯನ ಮಾಡಲಾಗಿದೆ. 8 ಕೋಶಗಳಾದಾಗ ಅವು ಒಂದಕ್ಕೊಂದು ಒತ್ತಿ ಅಂಟಿಕೊಳ್ಳುತ್ತವೆ. ಆಗ ಪ್ರತಿ ಕೋಶಕ್ಕೂ ಒಂದು ಹೊರಮುಖ, ಒಂದು ಒಳಮುಖ ಬರುತ್ತದೆ. ಈಗ ಅದು ಯಾವ ದಿಕ್ಕಿನಲ್ಲಿ ಒಡೆಯುತ್ತದೆ ಎಂಬುದು ಮುಖ್ಯ. ಹೊರಮುಖ ಎರಡೂ ಮರಿಕೋಶಗಳಿಗೆ ಹಂಚಿಹೋದರೆ ಎರಡೂ ಸಾಮಾನ್ಯವಾಗಿ ಹೊರಗೇ ಉಳಿಯುತ್ತವೆ. ಹೊರಮುಖ ಒಂದಕ್ಕೇ ಸಿಕ್ಕರೆ ಇನ್ನೊಂದು ಒಳಗೆ ಸೇರುತ್ತದೆ. ಹೊರಗಿನ ಕೋಶಗಳಲ್ಲಿ ಸಿಡಿಎಕ್ಸ್2 ಎಂಬ ಜೀನ್ ಚುರುಕಾಗಿ, ಅವು ಟ್ರೋಫೋಬ್ಲಾಸ್ಟ್ ಪದರವಾಗುತ್ತವೆ. ಮುಂದೆ ಜರಾಯುವಿನ ಹೆಚ್ಚಿನ ಭಾಗ ಇದರಿಂದಲೇ. ಒಳಗಿನವು ಒಳಕೋಶ ರಾಶಿಯಾಗಿ ಮಗುವಿನ ದೇಹವನ್ನು ಕಟ್ಟುತ್ತವೆ. ಕೋಶ ಇರುವ ಜಾಗವೇ ಅದರ ದಾರಿಯನ್ನು ತೀರ್ಮಾನಿಸುತ್ತದೆ ಎಂಬ ವಿಚಾರವನ್ನು ಪೋಲೆಂಡಿನ ತಾರ್ಕೋವ್ಸ್ಕಿ ಮತ್ತು ವ್ರೊಬ್ಲೆವ್ಸ್ಕಾ 1967ರಲ್ಲಿ ಮಂಡಿಸಿದರು.

ಬ್ಲಾಸ್ಟೋಸಿಸ್ಟ್ ಗರ್ಭಕೋಶಕ್ಕೆ ಅಂಟಬೇಕಾದರೆ ಮೊದಲು ಝೋನಾ ಪೆಲ್ಲುಸಿಡಾ ಎಂಬ ಹೊದಿಕೆಯಿಂದ ಹೊರಬರಬೇಕು. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಪಿ. ಬಿ. ಶೇಷಗಿರಿ ಅವರ ತಂಡ ಹ್ಯಾಮ್‌ಸ್ಟರ್ ಭ್ರೂಣಗಳಲ್ಲಿ ಇದನ್ನೇ ಅಧ್ಯಯನ ಮಾಡಿತು. ಹೊದಿಕೆಯನ್ನು ಕರಗಿಸುವಲ್ಲಿ ಭ್ರೂಣದ ಕೆಥೆಪ್ಸಿನ್ ಕಿಣ್ವಗಳಿಗೆ ಪಾತ್ರವಿದೆ ಎಂದು ತೋರಿಸಿತು. ಅಂದರೆ, ಇಲ್ಲೂ ಹೊರಪದರದ ಕೋಶಗಳೇ ಮುಂದಾಳುಗಳು.

ಇದನ್ನು ಪರೀಕ್ಷೆಗಷ್ಟೇ ಓದಬೇಡಿ ಎನ್ನಲು ಕಾರಣವಿದೆ. ವಿಭಜನೆಯ ಹೊತ್ತಿಗೆ ವರ್ಣತಂತುಗಳು ಸಮನಾಗಿ ಹಂಚಿಕೆಯಾಗದಿದ್ದರೆ ಭ್ರೂಣ ಉಳಿಯುವುದು ಕಷ್ಟ. ಈ ತಪ್ಪು ಹೆಚ್ಚಾಗಿ ಅಂಡಾಣು ರೂಪುಗೊಳ್ಳುವಾಗ, ಕೆಲವೊಮ್ಮೆ ವಿದಳನದಲ್ಲಿ ಆಗುತ್ತದೆ. ಮೊದಲ ಮೂರು ತಿಂಗಳಲ್ಲಿ ತಾನಾಗಿಯೇ ಆಗುವ ಗರ್ಭಪಾತಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ವರ್ಣತಂತುಗಳ ದೋಷವೇ ಕಾರಣ. ಆದರೆ ನಮ್ಮ ಊರುಗಳಲ್ಲಿ ಇಂದಿಗೂ ಕೇಳಿಬರುವ ಮಾತೇನು? ‘ಏನೋ ತಿಂದಳು, ಎಲ್ಲೋ ಓಡಾಡಿದಳು, ಅದಕ್ಕೇ ಹೀಗಾಯ್ತು.’ ಮಗು ಕಳೆದುಕೊಂಡವಳ ಮೇಲೆ ದೂರನ್ನೂ ಹೊರಿಸುತ್ತೇವೆ. ಕಣ್ಣಿಗೆ ಕಾಣದ ಕೋಶವೊಂದರಲ್ಲಿ ಆದ ತಪ್ಪನ್ನು ಯಾವ ತಾಯಿಯೂ ತಡೆಯಲಾರಳು. ನಿಮ್ಮ ಮನೆಯಲ್ಲಿ ಇಂಥ ಮಾತು ಬಂದರೆ, ಈ ಪಾಠ ಓದಿದ ನೀವೇ ವಿವರಿಸಿ ಹೇಳಿ.

ಯೋಚಿಸಿ ಉತ್ತರಿಸಿ:
1. ವಿದಳನದಲ್ಲಿ ಕೋಶಗಳ ಸಂಖ್ಯೆ ಹೆಚ್ಚಿದರೂ ಭ್ರೂಣದ ಗಾತ್ರ ಏಕೆ ಹೆಚ್ಚುವುದಿಲ್ಲ?
2. ಎರಡು ಕೋಶಗಳ ಹಂತದಲ್ಲಿ ಭ್ರೂಣ ಬೇರ್ಪಟ್ಟರೆ ತದ್ರೂಪಿ ಅವಳಿಗಳು ಹುಟ್ಟಬಹುದು. ಆ ಹಂತದಲ್ಲಿ ಕೋಶಗಳ ದಾರಿ ತೀರ್ಮಾನವಾಗಿತ್ತೇ?

ಉತ್ತರ ಬರೆದು ಜೀವಶಾಸ್ತ್ರ ಪ್ರಯೋಗಾಲಯಕ್ಕೆ ತನ್ನಿ, ಕೂತು ಮಾತಾಡೋಣ.