ಮೊದಲು ಎರಡು ಬಕೆಟ್ಟು, ಆಮೇಲೆ ಗೊಬ್ಬರ

ಅಜೆಕಾರು

ಪ್ರೀತಿಯ ಮಗಳೇ,

ಪೇಟೆಯಲ್ಲಿ ಹೊಸದಾಗಿ ಮನೆ ಮಾಡಿದವರು ನೀರು ಬರುತ್ತದೆಯೇ, ಬಸ್ಸು ಹತ್ತಿರವೇ, ಮಾಲೀಕರು ಹೇಗೆ ಎಂದೆಲ್ಲ ವಿಚಾರಿಸುತ್ತಾರೆ. “ದೊಡ್ಡಮ್ಮ, ಇಲ್ಲಿ ಕಸ ಏನು ಮಾಡುವುದು?” ಎಂದು ನೀನು ಕೇಳಿದ್ದು ನನಗೆ ಬಹಳ ಇಷ್ಟವಾಯಿತು. ಫೋನಿನಲ್ಲಿ ಹೇಳಿ ಮುಗಿಸುವ ಮಾತಲ್ಲ ಅದು. ಮುನಿಯಾಲು, ಹೆಬ್ರಿ, ಕಡ್ತಲ, ಎಣ್ಣೆಹೊಳೆ ಕಡೆಯಿಂದ ಹೊರಟು ಮಣಿಪಾಲದಲ್ಲಿ ಕೋಣೆ ಹಿಡಿದಿರುವ ನಿನ್ನ ವಾರಗೆಯವರೂ ಓದಲಿ ಎಂದು ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

ಊರಿನಲ್ಲಿದ್ದಷ್ಟು ದಿನ ಈ ಪ್ರಶ್ನೆ ನಿನಗೆ ಬರಲಿಲ್ಲ. ಅಡುಗೆಮನೆಯಿಂದ ಹೊರಟ ಪ್ರತಿಯೊಂದಕ್ಕೂ ಹೋಗುವ ಜಾಗ ಗೊತ್ತಿತ್ತು. ಅಕ್ಕಚ್ಚು, ಬಾಳೆಕಾಯಿ ಸಿಪ್ಪೆ, ಸೌತೆಯ ತಿರುಳು, ಹಲಸಿನ ಸಿಪ್ಪೆ ದನಕ್ಕೆ. ಮೀನು ತೊಳೆದ ನೀರು ತೆಂಗಿನ ಬುಡಕ್ಕೆ. ಗೆರಟೆ, ಒಣಗಿದ ಮಡಲು ಹಂಡೆಯ ಒಲೆಗೆ, ಆ ಬೂದಿ ಮರಳಿ ತೋಟಕ್ಕೆ. ಹಟ್ಟಿಯಲ್ಲಿ ದನದ ಕಾಲಡಿಗೆ ಹಾಸಿದ ಸೊಪ್ಪು, ತರಗೆಲೆ ಸೆಗಣಿಯಲ್ಲಿ ಕಲಸಿಹೋಗಿ ಗೊಬ್ಬರದ ಗುಂಡಿ ಸೇರುತ್ತಿತ್ತು. ಇದು ನಮ್ಮ ಕರಾವಳಿಯಲ್ಲಿ ಎಷ್ಟು ಗಟ್ಟಿಯಾದ ಏರ್ಪಾಡು ಎಂದರೆ, ರೈತರ ಪಟ್ಟಾ ಭೂಮಿಯಾದ ವರ್ಗ ಜಮೀನಿನ ಸುತ್ತ 100 ಗಜದೊಳಗಿನ ಸರ್ಕಾರಿ ಜಾಗದಿಂದ ಸೊಪ್ಪು, ಸೌದೆ ತರುವ ಕುಮ್ಕಿ ಸವಲತ್ತನ್ನು ಕಂದಾಯ ಇಲಾಖೆಯೇ ಒಪ್ಪಿಕೊಂಡಿತ್ತು. ಗದ್ದೆಗೆ ಗೊಬ್ಬರ ಬೇಕು, ಗೊಬ್ಬರಕ್ಕೆ ಸೊಪ್ಪು ಬೇಕು ಎಂಬುದು ಕಚೇರಿಯ ಕಡತಕ್ಕೂ ಗೊತ್ತಿತ್ತು.

ಹಾಗೆಂದು ಹಳ್ಳಿ ಚೊಕ್ಕ, ಪೇಟೆ ಕೊಳಕು ಎಂದು ನಾನು ಹೇಳಲಾರೆ. ಗೆರಟೆ ಹಾಕುತ್ತಿದ್ದ ಅದೇ ಒಲೆಗೆ ಈಗ ಹಾಲಿನ ತೊಟ್ಟೆ, ಚಿಪ್ಸಿನ ಪೊಟ್ಟಣ, ಔಷಧಿಯ ಕವರು ಎಲ್ಲವನ್ನೂ ತುರುಕುವ ಮನೆಗಳು ಎಷ್ಟೋ ಇವೆ. ಪ್ಲಾಸ್ಟಿಕ್ ಸುಟ್ಟ ಹೊಗೆಯಲ್ಲಿ ವಿಷವಿದೆ, ಅದರಲ್ಲೂ ಪಿವಿಸಿ ಉರಿದರೆ ಹುಟ್ಟುವ ಡಯಾಕ್ಸಿನ್ ದೇಹದಿಂದ ಸುಲಭವಾಗಿ ಹೋಗುವಂಥದ್ದಲ್ಲ. ಆ ಹೊಗೆ ಕುಡಿಯುವವರು ಒಲೆಯ ಮುಂದೆ ಬಗ್ಗಿ ಕೂತ ಹೆಂಗಸರು. ಬಯಲಿನಲ್ಲಂತೂ ಕಸ ಸುಟ್ಟರೆ 5,000 ರೂಪಾಯಿ, ದೊಡ್ಡ ಪ್ರಮಾಣದಲ್ಲಾದರೆ 25,000 ರೂಪಾಯಿ ದಂಡ ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರಲ್ಲೇ ಹೇಳಿದೆ. ಹಾಗಾಗಿ ಊರಿನಿಂದ ನೀನು ಪೇಟೆಗೆ ಒಯ್ಯಬೇಕಾದ್ದು ಹಂಡೆ ಒಲೆಯ ಈ ಹೊಸ ಚಾಳಿಯನ್ನಲ್ಲ. ಯಾವುದು ಎಲ್ಲಿಗೆ ಹೋಗಬೇಕೋ ಅದನ್ನು ಕೈಯಲ್ಲಿರುವಾಗಲೇ ಬೇರೆ ಮಾಡುವ ಹಳೆಯ ರೂಢಿಯನ್ನು.

ಯಾವ ಕಾಂಪೋಸ್ಟ್ ಡಬ್ಬ ಕೊಳ್ಳಲಿ ಎಂದೂ ಕೇಳಿದ್ದೀ. ಅದು ಆಮೇಲಿನ ಮಾತು. ಗೊಬ್ಬರ ಮಾಡಲು ನಿನಗೆ ಪುರುಸೊತ್ತಾಗದಿದ್ದರೆ ನಾನು ಬೇಸರಿಸುವುದಿಲ್ಲ. ಆದರೆ ಹಸಿ ಕಸವನ್ನೂ ಒಣ ಕಸವನ್ನೂ ಒಂದೇ ತೊಟ್ಟೆಗೆ ತುಂಬಿ ಬಾಗಿಲ ಹೊರಗಿಟ್ಟರೆ ಖಂಡಿತ ಬೇಸರಿಸುತ್ತೇನೆ. ನಮ್ಮ ದೇಶದ ಮನೆಗಳ ಕಸದಲ್ಲಿ ಅರ್ಧಕ್ಕಿಂತ ಹೆಚ್ಚು ಹಸಿ ಕಸವೇ. ಅದು ಬೇರೆ ಇದ್ದರೆ ಗೊಬ್ಬರ. ಕಾಗದ, ಬಾಟಲಿ, ಡಬ್ಬ ಬೇರೆ ಇದ್ದರೆ ಗುಜರಿಗೆ ಹೋಗುವ ಮಾಲು. ಸಾಂಬಾರು ಚೆಲ್ಲಿದ ಪೇಪರನ್ನು ಯಾವ ಗುಜರಿಯವರೂ ತೂಕಕ್ಕೆ ಹಾಕುವುದಿಲ್ಲ, ಬ್ಲೇಡಿನ ಚೂರು ಸೇರಿದ ಅನ್ನವನ್ನು ಯಾವ ಹಂದಿಗೂ ಹಾಕಲಾಗದು. ಎರಡಕ್ಕೂ ಬೆಲೆಯಿತ್ತು, ಕೂಡಿಸಿದ ಗಳಿಗೆಯಲ್ಲಿ ಎರಡೂ ಕೆಟ್ಟವು.

ಕೆಟ್ಟದ್ದು ಎಲ್ಲಿಗೆ ಹೋಗುತ್ತದೆ ಎಂದು ತಿಳಿದುಕೋ. ಮಣಿಪಾಲ ಉಡುಪಿ ನಗರಸಭೆಗೆ ಸೇರಿದ್ದು. ನಗರಸಭೆಯ ಕಸದ ವಿಲೇವಾರಿ ಜಾಗ ಇರುವುದು ಅಲೆವೂರಿನ ಕರ್ವಾಲಿನಲ್ಲಿ, ನಿನ್ನ ಮನೆಯಿಂದ ಬಹಳ ದೂರವೇನಲ್ಲ. ಅಲ್ಲಿಯೂ ಸುತ್ತಮುತ್ತ ಮನೆಗಳಿವೆ, ಬಾವಿಗಳಿವೆ. ಗಾಳಿಯಾಡದೆ ರಾಶಿಯ ಅಡಿಯಲ್ಲಿ ಸಿಕ್ಕಿಕೊಂಡ ಅನ್ನ, ತರಕಾರಿ ಮೀಥೇನ್ ಅನಿಲವಾಗುತ್ತದೆ. ಬೇಸಗೆಯಲ್ಲಿ ಕಸದ ರಾಶಿಗಳಿಗೆ ಬೆಂಕಿ ಬೀಳುವುದಕ್ಕೆ ಅದೊಂದು ಕಾರಣ. 2023ರ ಮಾರ್ಚಿನಲ್ಲಿ ಕೊಚ್ಚಿಯ ಬ್ರಹ್ಮಪುರಂ ರಾಶಿಗೆ ಹೊತ್ತಿದ ಬೆಂಕಿ ಹತ್ತು ದಿನ ಕಳೆದರೂ ಪೂರ್ತಿ ಆರಿರಲಿಲ್ಲ. ಮಳೆಗಾಲದಲ್ಲಿ ಇಂಥ ರಾಶಿಗಳಿಂದ ಕಪ್ಪು ರಸ ಇಳಿದು ಮಣ್ಣಿಗೆ, ಅಲ್ಲಿಂದ ಬಾವಿಗೆ ಹೋಗುತ್ತದೆ.

ಇನ್ನೂ ಹತ್ತಿರದ್ದು ಮಂಗಳೂರಿನ ಪಚ್ಚನಾಡಿ. ಅಲ್ಲಿ ನಗರದ ಕಸ ವರ್ಷಗಟ್ಟಲೆ ಗುಡ್ಡವಾಗಿ ಬೆಳೆದಿತ್ತು. 2019ರ ಆಗಸ್ಟ್ ತಿಂಗಳ ಜಡಿಮಳೆಗೆ ಆ ಗುಡ್ಡ ಜಾರಿ ಕೆಳಗಿನ ಮಂದಾರ ಎಂಬ ಊರಿನ ಮೇಲೆ ಇಳಿಯಿತು. ಜಾರಿದ್ದು ಒಮ್ಮೆಲೇ ಅಲ್ಲ. ದಿನವೂ ಇಷ್ಟಿಷ್ಟು ಮುಂದೆ ಬರುತ್ತ ತೆಂಗು, ಅಡಿಕೆಯ ತೋಟಗಳನ್ನು ನುಂಗಿತು, ಮನೆಗಳನ್ನು ನುಂಗಿತು. 27 ಕುಟುಂಬಗಳು ಕುಲಶೇಖರದ ವಸತಿ ಸಮುಚ್ಚಯಕ್ಕೆ ಹೋಗಬೇಕಾಯಿತು. ಆ ತೋಟದವರ ಮನೆಗಳಲ್ಲಿ ನಮ್ಮಲ್ಲಿದ್ದಂತೆಯೇ ಹಟ್ಟಿ, ಗೊಬ್ಬರದ ಗುಂಡಿ ಇದ್ದಿರಬೇಕು. ತಮ್ಮ ಕಸವನ್ನು ತಾವೇ ಅರಗಿಸಿಕೊಂಡು ಬದುಕಿದವರು, ತಾವು ಎಂದೂ ನೋಡದ ಮನೆಗಳ ಎಂಜಲು, ಡೈಪರು, ತೊಟ್ಟೆಗಳ ಅಡಿಯಲ್ಲಿ ತೋಟ ಕಳೆದುಕೊಂಡರು. ಅಡಿಕೆ ಮರವೊಂದು ಫಲಕ್ಕೆ ಬರಲು ಎಷ್ಟು ವರ್ಷ ಬೇಕೆಂದು ನಿನಗೆ ಹೇಳಬೇಕಾಗಿಲ್ಲ. ಕಸದ ವಿಷಯ ಬಂದಾಗಲೆಲ್ಲ ನನಗೆ ಮೊದಲು ನೆನಪಾಗುವುದು ಮಂದಾರವೇ. ಅಲ್ಲಿಗೆ ಜಾರಿ ಬಂದ ಗುಡ್ಡದಲ್ಲಿ ಅರ್ಧಕ್ಕರ್ಧ ಗೊಬ್ಬರವಾಗಬಹುದಾಗಿದ್ದ ಪದಾರ್ಥ ಎಂಬುದನ್ನು ನನ್ನಿಂದ ಮರೆಯಲಾಗುವುದಿಲ್ಲ.

ಇದು ಮೇಲಿನವರು ಕೆಳಗಿನವರಿಗೆ ಮಾಡುವ ಅನ್ಯಾಯ. ಅದು ಪೇಟೆಯಿಂದ ಹಳ್ಳಿಗೆ ಮಾತ್ರ ಅಲ್ಲ. ನಮ್ಮ ಎಣ್ಣೆಹೊಳೆಯಲ್ಲಿ ಹರಿಯುವ ಸ್ವರ್ಣಾ ನದಿಯ ನೀರೇ ಬಜೆಯ ಅಣೆಕಟ್ಟಿನಲ್ಲಿ ನಿಂತು, ಅಲ್ಲಿಂದ ಉಡುಪಿ, ಮಣಿಪಾಲದ ನಳ್ಳಿಗಳಿಗೆ ಬರುವುದು. ಸೇತುವೆಯ ಮೇಲೆ ಬೈಕು ನಿಲ್ಲಿಸಿ ಕಸದ ಕಟ್ಟು ನೀರಿಗೆ ಎಸೆಯುವವರು ನಮ್ಮ ಕಡೆಯೂ ಇದ್ದಾರೆ. ಅದು ನಿನ್ನ ನೀರು ಎಂದು ನಾನು ಇಲ್ಲಿ ಹೇಳುತ್ತೇನೆ, ಅಲೆವೂರಿನವರ ಬಾವಿ ಎಂದು ನೀನು ಅಲ್ಲಿ ನೆನಪಿಟ್ಟುಕೋ.

ಈಗ ಕೆಲಸದ ಮಾತಿಗೆ ಬರೋಣ. ಮುಚ್ಚಳವಿರುವ ಒಂದು ಬಕೆಟ್ಟು ಹಸಿಗೆ. ಅದಕ್ಕೆ ತೊಟ್ಟೆ ಹಾಸಬೇಡ, ಹಳೆಯ ಪೇಪರು ಸಾಕು. ಒಂದು ಗೋಣಿಚೀಲ ಒಣ ಕಸಕ್ಕೆ. ಇನ್ನೊಂದು ಚಿಕ್ಕ ಡಬ್ಬ ಪ್ಯಾಡು, ಬ್ಯಾಂಡೇಜು, ಬ್ಲೇಡಿನಂಥವಕ್ಕೆ. ಪ್ಯಾಡನ್ನು ಪೇಪರಿನಲ್ಲಿ ಸುತ್ತಿ ಮೇಲೆ ಕೆಂಪು ಗುರುತು ಹಾಕಿ ಕೊಡು. ಬಿಚ್ಚಿ ನೋಡುವ ಕೆಲಸ ಇನ್ನೊಬ್ಬ ಹೆಣ್ಣುಮಗಳಿಗೆ ಬರಬಾರದು. ನಗರಸಭೆಯ ಗಾಡಿ ಯಾವ ಹೊತ್ತಿಗೆ, ಒಣ ಕಸಕ್ಕೆ ಯಾವ ವಾರ ಬರುತ್ತದೆ ಎಂದು ಪಕ್ಕದ ಮನೆಯವರನ್ನೋ ಗಾಡಿಯವರನ್ನೋ ಕೇಳು. ಹೊಸಬಳೆಂದು ಹೇಳಿಕೊಂಡು ಕೇಳಿದರೆ ಯಾರೂ ಇಲ್ಲವೆನ್ನುವುದಿಲ್ಲ. ಬಂಗುಡೆ, ಬೂತಾಯಿ ತಂದ ದಿನ ತಲೆ, ಕರುಳನ್ನು ಡಬ್ಬದಲ್ಲಿ ಹಾಕಿ ಫ್ರೀಜರಿನಲ್ಲಿಟ್ಟು, ಗಾಡಿ ಬಂದಾಗ ಹಸಿ ಕಸಕ್ಕೆ ಸೇರಿಸು. ಮನೆಯೂ ನಾರುವುದಿಲ್ಲ, ಬೀದಿ ನಾಯಿಗಳೂ ಎಳೆದಾಡುವುದಿಲ್ಲ.

ಹಾಲಿನ ತೊಟ್ಟೆ ಕತ್ತರಿಸುವಾಗ ಮೂಲೆಯ ಚೂರು ಪೂರ್ತಿ ತುಂಡಾಗದಂತೆ ಕತ್ತರಿಸು. ಆ ಚಿಕ್ಕ ತ್ರಿಕೋನಗಳನ್ನು ಯಾರಿಂದಲೂ ಹೆಕ್ಕಲಾಗುವುದಿಲ್ಲ, ಅವು ನೇರ ತೋಡಿಗೆ ಹೋಗುತ್ತವೆ. ತೊಟ್ಟೆಯನ್ನು ಪಾತ್ರೆ ತೊಳೆದ ಕೊನೆಯ ನೀರಿನಲ್ಲಿ ಜಾಲಿಸಿ ಒಣಗಿಸು. ನಮ್ಮ ತಾಲ್ಲೂಕಿನ ನಿಟ್ಟೆಯಲ್ಲಿ ಪಂಚಾಯತಿಗಳ ಒಣ ಕಸ ವಿಂಗಡಿಸುವ ಎಂಆರ್‌ಎಫ್ ಘಟಕವಿದೆ, ದಿನಕ್ಕೆ 10 ಟನ್ ಸಾಮರ್ಥ್ಯದ್ದು. ಚಲಿಸುವ ಬೆಲ್ಟಿನ ಬದಿಯಲ್ಲಿ ನಿಂತವರು ಬಾಟಲಿ ಬೇರೆ, ದಪ್ಪ ಡಬ್ಬ ಬೇರೆ, ತೊಟ್ಟೆ ಬೇರೆ ಎಂದು ಕೈಯಿಂದಲೇ ಹೆಕ್ಕುತ್ತಾರೆ. ಮತ್ತೆ ಕರಗಿಸಲಾಗದ ಪದರದ ಪೊಟ್ಟಣಗಳು ಸಿಮೆಂಟ್ ಕಾರ್ಖಾನೆಗಳ ಕುಲುಮೆಗೆ ಉರುವಲಾಗಿ ಹೋಗುವಂಥವು. ಘಟಕ ಯಾವುದೇ ಇರಲಿ, ಹೆಕ್ಕುವ ಕೈಗೆ ಕೊಳೆತ ಮೀನು ತಾಗುತ್ತದೋ ಒಣಗಿದ ತೊಟ್ಟೆ ಸಿಗುತ್ತದೋ ಎಂಬುದು ನಿನ್ನ ಸಿಂಕಿನ ಮುಂದೆಯೇ ತೀರ್ಮಾನವಾಗುತ್ತದೆ. ನಮ್ಮ ಜಿಲ್ಲೆಯ ವಂಡ್ಸೆ ಪಂಚಾಯತಿ ಘನ, ದ್ರವ ಸಂಪನ್ಮೂಲ ನಿರ್ವಹಣೆಯ ಎಸ್‌ಎಲ್‌ಆರ್‌ಎಂ ಘಟಕ ನಡೆಸಿ ರಾಜ್ಯದಲ್ಲೇ ಹೆಸರು ಮಾಡಿದ್ದು ಇದೇ ಸರಳ ಕೆಲಸದಿಂದ. ಮನೆಯಲ್ಲಿ ಬೇರೆ ಮಾಡಿ ಕೊಟ್ಟದ್ದನ್ನು ಬೇರೆಯಾಗಿಯೇ ಉಳಿಸಿಕೊಂಡರು, ಅಷ್ಟೆ. ಮುಂದೆ ಕೆಲಸಕ್ಕೆಂದು ಬೆಂಗಳೂರಿಗೆ ಹೋದರೂ ಈ ರೂಢಿ ಕೈಬಿಡಬೇಡ. 2012ರಲ್ಲಿ ಮಾವಳ್ಳಿಪುರದ ಕಸದ ಜಾಗ ಮುಚ್ಚಿದಾಗ ಆ ನಗರದ ಬೀದಿಗಳಲ್ಲೆಲ್ಲ ಕಸ ನಿಂತಿತ್ತು. 2015ರ ಡಿಸೆಂಬರಿನಲ್ಲಿ ಹೈಕೋರ್ಟೇ ಎರಡು ಬಕೆಟ್ಟು, ಒಂದು ಚೀಲ ಇಡಬೇಕೆಂದು ಆದೇಶಿಸಬೇಕಾಯಿತು.

ಬೇರೆ ಮಾಡುವುದು ಕೈಗೆ ಕೂತ ಮೇಲೆ ಗೊಬ್ಬರಕ್ಕೆ ಹೊರಡು. ದುಬಾರಿ ಡಬ್ಬ ಬೇಡ. 20 ಲೀಟರಿನ ಹಳೆಯ ಪೈಂಟ್ ಡಬ್ಬ ಎರಡು ಸಾಕು. ಚೆನ್ನಾಗಿ ತೊಳೆದು ಸುತ್ತಲೂ, ಅಡಿಗೂ ತೂತು ಕೊರೆ, ಕೆಳಗೊಂದು ತಟ್ಟೆ ಇಡು. ತಳಕ್ಕೆ ನಾಲ್ಕು ಬೆರಳಿನಷ್ಟು ತರಗೆಲೆ. ದಿನದ ಸಿಪ್ಪೆ, ಚಹಾದ ಚರಟ, ಪುಡಿ ಮಾಡಿದ ಮೊಟ್ಟೆಯ ಓಡು ನೀರು ಬಸಿದು ಹಾಕು, ಅದರ ಮೇಲೆ ಅದಕ್ಕಿಂತ ಹೆಚ್ಚು ತರಗೆಲೆ. ಮೊದಲ ಸಲ ಹುಳಿ ಮಜ್ಜಿಗೆಯನ್ನೋ ಸೆಗಣಿ ನೀರನ್ನೋ ಚಿಮುಕಿಸಿದರೆ ಜೀವಾಣುಗಳಿಗೆ ಆರಂಭ ಸಿಗುತ್ತದೆ. ಮೂರು ನಾಲ್ಕು ದಿನಕ್ಕೊಮ್ಮೆ ಕೋಲಿನಿಂದ ಕೆದಕು. ಉಡುಪಿ ಮಲ್ಲಿಗೆ ಮುಡಿದು ಬಾಡಿದ ಮೇಲೆ ದಾರ ಬಿಡಿಸುವ ಕೆಲಸವೂ ಇಲ್ಲ. ಶಂಕರಪುರದ ಕಡೆ ಅದನ್ನು ಕಟ್ಟುವುದು ಬಾಳೆನಾರಿನಲ್ಲಿ, ಹಾಗೆಯೇ ಹಾಕಬಹುದು. ಮೀನು, ಮಾಂಸ, ಎಣ್ಣೆಯ ಪದಾರ್ಥ, ಬೊಂಡದ ಚಿಪ್ಪು ಮಾತ್ರ ಬೇಡ.

ತರಗೆಲೆ ಏಕೆ ಅಷ್ಟು ಬೇಕು ಎಂದರೆ, ಜೀವಾಣುಗಳಿಗೆ ಒಂದು ಪಾಲು ಸಾರಜನಕಕ್ಕೆ 25ರಿಂದ 30 ಪಾಲು ಇಂಗಾಲ ಹದ. ಸಿಪ್ಪೆಯಲ್ಲಿ ಸಾರಜನಕ ಹೆಚ್ಚು, ಒಣ ಎಲೆಯಲ್ಲಿ ಇಂಗಾಲ ಹೆಚ್ಚು. ಹಟ್ಟಿಗೆ ಸೊಪ್ಪು ಹಾಸುತ್ತಿದ್ದ ನಮ್ಮ ಹಿರಿಯರು ಈ ಲೆಕ್ಕ ಓದಿರಲಿಲ್ಲ, ಆದರೆ ತಪ್ಪಿಸಿರಲಿಲ್ಲ. ಗುಂಡಿಯಲ್ಲಿ ಪದರ ಪದರವಾಗಿ ಪಟ್ಟಣದ ಕಸ ತುಂಬಿ ಮಣ್ಣು ಮುಚ್ಚಿ ಗೊಬ್ಬರ ಮಾಡುವ ವಿಧಾನವನ್ನು ಸಿ. ಎನ್. ಆಚಾರ್ಯ ಎಂಬ ವಿಜ್ಞಾನಿ 1939ರಲ್ಲಿ ಬೆಂಗಳೂರಿನಲ್ಲಿ ರೂಪಿಸಿದರು. ಜಗತ್ತಿನ ಕೃಷಿ ಪುಸ್ತಕಗಳಲ್ಲಿ ಅದಕ್ಕೆ ಇಂದಿಗೂ ಬೆಂಗಳೂರು ಪದ್ಧತಿ ಎಂದೇ ಹೆಸರು. ನಮ್ಮ ನಾಡಿನವರಿಗೆ ಗೊಬ್ಬರ ಹೊಸ ವಿದ್ಯೆಯಲ್ಲ.

ಬಿಳಿ ಬೂಸ್ಟು ಕಂಡರೆ ಹೆದರಬೇಡ, ಕೆಲಸ ಸರಿಯಾಗಿದೆ ಎಂದು ಅರ್ಥ. ಹುಳು ಕಂಡರೂ ಅಷ್ಟೆ, ಅವೂ ತಿಂದು ಅರಗಿಸುತ್ತವೆ. ಕಣ್ಣಿಗೆ ಹಿಡಿಸದಿದ್ದರೆ ಎಲೆ ಹೆಚ್ಚಿಸು, ಕಡಿಮೆಯಾಗುತ್ತವೆ. ಒಂದು ಡಬ್ಬ ತುಂಬಿದ ಮೇಲೆ ಮುಚ್ಚಿಟ್ಟು ಎರಡನೆಯದನ್ನು ಶುರು ಮಾಡು. ಎರಡು ಮೂರು ತಿಂಗಳಲ್ಲಿ ಮೊದಲಿನದು ಕುಗ್ಗಿ ಕಪ್ಪಗಾಗಿ ಮಳೆ ಬಿದ್ದ ಮಣ್ಣಿನ ವಾಸನೆ ಬರುತ್ತದೆ. ಬಾಲ್ಕನಿಯಲ್ಲಿ ಕುಂಡವಿಟ್ಟು ಬಸಳೆ ನೆಡು, ಈ ಗೊಬ್ಬರಕ್ಕೆ ಅದು ಚೆನ್ನಾಗಿ ಒಲಿಯುತ್ತದೆ. ತಟ್ಟೆಗೆ ಇಳಿದ ರಸಕ್ಕೆ ಹತ್ತು ಪಟ್ಟು ನೀರು ಬೆರೆಸಿ ಬುಡಕ್ಕೆ ಹಾಕಬಹುದು.

ನಮ್ಮ ಜಿಲ್ಲೆಯ ನಿಜವಾದ ಕಷ್ಟ ಮಳೆಗಾಲ. ವರ್ಷಕ್ಕೆ 4,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಕಡೆ ಆಟಿ ತಿಂಗಳಲ್ಲಿ ಒಣ ಎಲೆ ಹುಡುಕಿದರೆ ಎಲ್ಲಿ ಸಿಗಬೇಕು? ಬೆಂಗಳೂರಿನವರು ಬರೆದ ಸೂಚನೆಗಳಲ್ಲಿ ಈ ಮಾತು ಇರುವುದಿಲ್ಲ. ಮಳೆಗಾಲದ ಹೊಸ್ತಿಲಾದ ಪತ್ತನಾಜೆಗೆ ಮೊದಲೇ ಮೂರು ನಾಲ್ಕು ಗೋಣಿ ತರಗೆಲೆ ತುಂಬಿ ನೀರು ತಾಗದ ಕಡೆ ಇಟ್ಟುಕೋ. ಮಣಿಪಾಲದ ರಸ್ತೆಗಳ ಬದಿಯಲ್ಲಿ ಬೇಸಗೆಯುದ್ದಕ್ಕೂ ಬಿದ್ದಿರುತ್ತದೆ, ಗುಡಿಸಿ ಬೆಂಕಿ ಹಾಕುವವರಿಗಿಂತ ಮೊದಲು ನೀನು ಹೋಗಬೇಕು ಅಷ್ಟೆ. ಎಲೆ ಮುಗಿದರೆ ತೆಂಗಿನ ನಾರಿನ ಪುಡಿ, ಮರದ ಮಿಲ್ಲಿನ ಹೊಟ್ಟು ಆದೀತು. ಡಬ್ಬಗಳನ್ನು ಬಾಲ್ಕನಿಯಲ್ಲಿ ಇರುಚಲು ಹೊಡೆಯದ ಮೂಲೆಗೆ ಸರಿಸು.

ಜೊತೆಯಲ್ಲಿರುವ ಹುಡುಗಿಯರು ಒಪ್ಪದಿದ್ದರೆ ಜಗಳ ಮಾಡಬೇಡ, ಬಕೆಟ್ಟಿನ ಮೇಲೆ ದೊಡ್ಡದಾಗಿ ಬರೆದು ಅಂಟಿಸು. ಉತ್ತರದವರೂ ಇದ್ದಾರೆ ಎಂದೆಯಲ್ಲ, ಅಕ್ಷರದ ಬದಲು ಚಿತ್ರ ಬರೆ. ಗಾಡಿಯವರು ಎಲ್ಲವನ್ನೂ ಒಟ್ಟಿಗೇ ಸುರಿದುಕೊಂಡರೆ ಸುಮ್ಮನಿರಬೇಡ, ಮರ್ಯಾದೆಯಿಂದಲೇ ಕೇಳು, ಸರಿಹೋಗದಿದ್ದರೆ ವಾರ್ಡಿನ ಸದಸ್ಯರಿಗೆ ಹೇಳು. “ಅವರೇ ಬೆರೆಸುತ್ತಾರೆ, ನಾನೇಕೆ ಬೇರೆ ಮಾಡಲಿ” ಎನ್ನುವವರ ಮಾತಿಗೆ ಮಾತ್ರ ಕಿವಿಗೊಡಬೇಡ.

ಡಬ್ಬ ಶುರು ಮಾಡಿದ ಮೇಲೆ ವಾಸನೆ ಬಂದರೆ ಫೋನು ಮಾಡು. ಎಂಥ ವಾಸನೆ ಎಂದು ಸರಿಯಾಗಿ ಗಮನಿಸಿ ಹೇಳು. ಮೂಗಿಗೆ ಚುರ್ ಎಂದು ಹೊಡೆಯುತ್ತಿದ್ದರೆ ಎಲೆ ಸಾಲದು, ಕೊಳೆತ ನಾತವಾದರೆ ನೀರು ಹೆಚ್ಚಾಗಿ ಗಾಳಿ ಕಡಿಮೆಯಾಗಿದೆ. ಎರಡೂ ಅಲ್ಲದ ಇನ್ನೇನಾದರೂ ಆದರೆ, ಬರುವ ಭಾನುವಾರ ದೊಡ್ಡಪ್ಪ ಉಡುಪಿಗೆ ಬರುವವರಿದ್ದಾರೆ, ಅವರೇ ಬಂದು ನೋಡಿಕೊಳ್ಳುತ್ತಾರೆ.

ನಿನ್ನ ದೊಡ್ಡಮ್ಮ